ಇನ್ಸುಲಿನ್ ಜೀವಕೋಶದ ಒಳಗೆ ಹೋಗುತ್ತಾ, ಹೊರಗೇ ನಿಲ್ಲುತ್ತಾ?

ಪ್ರಶ್ನೆ: ಮೇಡಂ, ನಾನು ಮಡಿಕೇರಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಮೂರ್ನಾಡಿನ ಹತ್ತಿರ. ದಿನಾ ಬೆಳಿಗ್ಗೆ ಅಜ್ಜನಿಗೆ ಇನ್ಸುಲಿನ್ ಚುಚ್ಚಿ ಆಮೇಲೆ ನಾನು ಬಸ್ ಹತ್ತುವುದು. ಇನ್ಸುಲಿನ್ ಪ್ರೋಟೀನ್, ಅದು ಜೀವಕೋಶದ ಒಳಗೆ ಹೋಗಲ್ಲ, ಹೊರಗೆ ನಿಂತೇ ಸಂದೇಶ ಕೊಡುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದರು. ಆದರೆ ಇನ್ನೊಂದು ಪುಸ್ತಕದಲ್ಲಿ ಇನ್ಸುಲಿನ್ನನ್ನು ಕೋಶ ನುಂಗುತ್ತದೆ ಅಂತ ಓದಿದೆ. ಯಾವುದು ಸರಿ? ಇನ್ನೊಂದು ವಿಷಯ. ಅಜ್ಜನ ಹೊಟ್ಟೆಯ ಮೇಲೆ ಚುಚ್ಚುವ ಜಾಗದಲ್ಲಿ ಗಂಟಿನ ಹಾಗೆ ಆಗಿದೆ. ಒಳಗೆ ಹೋಗದ ಇನ್ಸುಲಿನ್ ಅಲ್ಲೇ ಕೂತಿದೆ ಅಂತ ಅಜ್ಜಿ ಹೇಳುತ್ತಾರೆ. ಹೌದಾ?

ಉತ್ತರ: ಎರಡೂ ಸರಿ. ನಿಮ್ಮ ಮೇಷ್ಟ್ರು ಹೇಳಿದ್ದು ಮೊದಲ ಕೆಲವು ಸೆಕೆಂಡಿನ ಕಥೆ, ಪುಸ್ತಕದಲ್ಲಿ ಇದ್ದದ್ದು ಆಮೇಲಿನ ಕೆಲವು ನಿಮಿಷಗಳ ಕಥೆ. ಮೊದಲು ಸುದ್ದಿ ಮಾತ್ರ ಒಳಗೆ ಹೋಗುತ್ತದೆ, ಸುದ್ದಿ ತಂದವನು ಬಾಗಿಲಲ್ಲೇ ಇರುತ್ತಾನೆ. ಆಮೇಲೆ ಕೋಶ ಅವನನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವುದು ಯಾಕೆ ಅನ್ನುವುದೇ ನನಗೆ ಇದರಲ್ಲಿ ಅತಿ ಇಷ್ಟದ ಭಾಗ. ಗಂಟಿನ ವಿಷಯ ಕೊನೆಗೆ ಹೇಳುತ್ತೇನೆ. ಅದಕ್ಕೆ ಈ ಕಥೆ ಗೊತ್ತಿರಬೇಕು.

ಜೀವಕೋಶದ ಪೊರೆ ಕೊಬ್ಬಿನಂಥ ಅಣುಗಳ ಎರಡು ಪದರ. ದಪ್ಪ ಸುಮಾರು 5 ನ್ಯಾನೋಮೀಟರ್, ಅಷ್ಟೇ. ಆದರೂ ನೀರಲ್ಲಿ ಕರಗುವ ದೊಡ್ಡ ಅಣು ಅದನ್ನು ತೂರಿ ಹೋಗಲಾರದು. ಕಾರ್ಟಿಸೋಲ್‌ನಂಥ ಹಾರ್ಮೋನು ಎಣ್ಣೆಯ ಜಾತಿಯದು, ಹಾಗಾಗಿ ನೇರ ಒಳಗೆ ನುಗ್ಗುತ್ತದೆ. ಇನ್ಸುಲಿನ್ ಹಾಗಲ್ಲ. 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು, ಆದರೂ ಗ್ಲೂಕೋಸಿಗಿಂತ ಸುಮಾರು 32 ಪಟ್ಟು ಭಾರ. ಗ್ಲೂಕೋಸಿಗೇ ಪೊರೆ ದಾಟಲು ಬೇರೆ ಬಾಗಿಲು ಬೇಕು. ಅಂದಮೇಲೆ ಇನ್ಸುಲಿನ್ ಸುಮ್ನೆ ಒಳಗೆ ಬರುವ ಮಾತೇ ಇಲ್ಲ.

ಅದಕ್ಕೇ ಕೋಶ ತನ್ನ ಪೊರೆಯಲ್ಲಿ ರಿಸೆಪ್ಟರುಗಳನ್ನು ನೆಟ್ಟುಕೊಂಡಿರುತ್ತದೆ. ರಿಸೆಪ್ಟರ್ ಅಂದರೆ ಪೊರೆಯ ಆಚೆಗೂ ಈಚೆಗೂ ಚಾಚಿಕೊಂಡ ಪ್ರೋಟೀನ್. ಹೊರಗಿನ ಭಾಗ ಇನ್ಸುಲಿನ್ನನ್ನು ಹಿಡಿಯುತ್ತದೆ. ಹಿಡಿದ ಕ್ಷಣ ಇಡೀ ರಿಸೆಪ್ಟರಿನ ಆಕಾರ ಬದಲಾಗಿ, ಒಳಗಿರುವ ಅದರ ಎರಡು ಬಾಲಗಳು ಹತ್ತಿರ ಬಂದು, ಒಂದರ ಮೇಲೊಂದು ಫಾಸ್ಫೇಟ್ ಅಂಟಿಸುತ್ತವೆ. ಆ ಫಾಸ್ಫೇಟೇ ಸುದ್ದಿ. ಅದನ್ನು ಕಂಡು ಒಳಗಿನ ಪ್ರೋಟೀನುಗಳು ಬಂದು ಕೂರುತ್ತವೆ, ಅವುಗಳಿಗೂ ಫಾಸ್ಫೇಟ್ ಅಂಟುತ್ತದೆ, ಅವು ಮುಂದಿನವನ್ನು ಎಬ್ಬಿಸುತ್ತವೆ. ಪರೀಕ್ಷೆಗೆ ಬೇಕಾದ ಹೆಸರುಗಳು ಐಆರ್‌ಎಸ್, ಪಿಐ3 ಕೈನೇಸ್, ಎಕೆಟಿ. ಹೆಸರು ಮರೆತರೂ ಪರವಾಗಿಲ್ಲ, ಪ್ರತಿ ಮೆಟ್ಟಿಲಲ್ಲೂ ಸುದ್ದಿ ಹಿಗ್ಗುತ್ತದೆ ಅನ್ನುವುದನ್ನು ಮರೆಯಬೇಡಿ. ಖಾಲಿ ಹೊಟ್ಟೆಯಲ್ಲಿ ನಮ್ಮ ರಕ್ತದಲ್ಲಿ ಒಂದು ಇನ್ಸುಲಿನ್ ಅಣುವಿಗೆ ಕೋಟಿಗಟ್ಟಲೆ ಗ್ಲೂಕೋಸ್ ಅಣುಗಳು ಇರುತ್ತವೆ. ಸುದ್ದಿ ಹಿಗ್ಗದಿದ್ದರೆ ಅಷ್ಟು ಕಡಿಮೆ ಇನ್ಸುಲಿನ್ ಅಷ್ಟೊಂದು ಸಕ್ಕರೆಯನ್ನು ನಿಭಾಯಿಸುವುದು ಹೇಗೆ?

ಸ್ನಾಯು ಮತ್ತು ಕೊಬ್ಬಿನ ಕೋಶದಲ್ಲಿ ಈ ಸುದ್ದಿ ಕೊನೆಗೆ ತಲುಪುವುದು ಗ್ಲುಟ್-4 ಅನ್ನುವ ಬಾಗಿಲುಗಳಿಗೆ. ಗ್ಲೂಕೋಸ್ ಒಳಗೆ ಬರುವ ಬಾಗಿಲು ಅದೇ. ಇನ್ಸುಲಿನ್ ಬರುವ ಮೊದಲೇ ಈ ಬಾಗಿಲುಗಳು ತಯಾರಾಗಿ, ಪುಟ್ಟ ಪುಟ್ಟ ಚೀಲಗಳಲ್ಲಿ ಕೋಶದೊಳಗೆ ಕಾಯುತ್ತಿರುತ್ತವೆ. ನಿಮಗೆ ಹೂಮಳೆ ಗೊತ್ತಲ್ವಾ? ಫೆಬ್ರವರಿ, ಮಾರ್ಚಿನಲ್ಲಿ ಒಂದಿಂಚು ಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ರೋಬಸ್ಟ ಕಾಫಿ ತೋಟ ಹೂವಾಗಿ ಬೆಳ್ಳಗಾಗುತ್ತದೆ. ಆ ಮೊಗ್ಗುಗಳು ಮಳೆಗೆ ಮೊದಲೇ ಗಿಡದ ಮೇಲೆ ಇದ್ದವು. ಮಳೆಯ ಸುಳಿವಿಗೆ ಕಾಯುತ್ತಿದ್ದವು, ಅಷ್ಟೇ. ಗ್ಲುಟ್-4 ಕೂಡ ಹಾಗೇ. ಇನ್ಸುಲಿನ್ನಿನ ಸುದ್ದಿ ಬಂದ ಕೆಲವೇ ನಿಮಿಷಗಳಲ್ಲಿ ಚೀಲಗಳು ಪೊರೆಗೆ ಬಂದು ಸೇರಿಕೊಳ್ಳುತ್ತವೆ, ಬಾಗಿಲುಗಳು ಹೊರಗೆ ಕಾಣಿಸಿಕೊಳ್ಳುತ್ತವೆ, ಗ್ಲೂಕೋಸ್ ಒಳಗೆ ಹರಿಯುತ್ತದೆ.

ಇಲ್ಲಿಯವರೆಗೆ ಇನ್ಸುಲಿನ್ ಹೊರಗೇ ಇದೆ. ಕ್ಲಾಸಿನಲ್ಲಿ ಹೇಳಿದ್ದು ಇಷ್ಟು. ಸುದ್ದಿ ಇರುವುದು ರಿಸೆಪ್ಟರಿನಲ್ಲಿ ಅನ್ನುವುದಕ್ಕೆ ಒಂದು ಕಾಯಿಲೆಯೇ ಸಾಕ್ಷಿ. ಗ್ರೇವ್ಸ್ ಕಾಯಿಲೆಯಲ್ಲಿ ದೇಹ ತನ್ನದೇ ಥೈರಾಯ್ಡಿನ ರಿಸೆಪ್ಟರನ್ನು ಹಿಡಿಯುವ ಆ್ಯಂಟಿಬಾಡಿ ತಯಾರಿಸುತ್ತದೆ. ಹಾರ್ಮೋನ್ ಕರೆಯದೆಯೂ ಥೈರಾಯ್ಡ್ ಅತಿಯಾಗಿ ಕೆಲಸ ಮಾಡತೊಡಗುತ್ತದೆ. ಬಾಗಿಲು ತಟ್ಟಿದ್ದು ಯಾರು ಅಂತ ಕೋಶ ನೋಡುವುದಿಲ್ಲ. ತಟ್ಟಿದರೆ ಸಾಕು.

ಇನ್ನು ನುಂಗುವ ಕಥೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನಾನು ಇಜಿಎಫ್ ಅನ್ನುವ ಪ್ರೋಟೀನಿನ ಜೊತೆ ಕೆಲಸ ಮಾಡಿದೆ. 53 ಅಮೈನೋ ಆಮ್ಲಗಳ ಪ್ರೋಟೀನ್. ಚರ್ಮದಂಥ ಕೋಶಗಳಿಗೆ ಬೆಳೆಯಿರಿ, ಎರಡಾಗಿ ಅಂತ ಹೇಳುವುದು ಇದರ ಕೆಲಸ. ಇದಕ್ಕೆ ಕೆಂಪಗೆ ಹೊಳೆಯುವ ಬಣ್ಣ ಕಟ್ಟಿ, ಕೋಶಗಳಿದ್ದ ತಟ್ಟೆಗೆ ಹಾಕಿದೆ. ತಟ್ಟೆ ಮಂಜುಗಡ್ಡೆಯ ಮೇಲೆ, 4 ಡಿಗ್ರಿಯಲ್ಲಿ. ಒಂದು ಗಂಟೆ ಬಿಟ್ಟು, ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕೋಶದ ಅಂಚಿಗೆ ತೆಳ್ಳಗೆ ಕೆಂಪು ಬಳೆ. ಇಜಿಎಫ್ ಎಲ್ಲ ಹೊರಗೇ ಇದೆ, ಒಳಗೆ ಒಂದು ಚುಕ್ಕೆಯೂ ಇಲ್ಲ. ಆ ತಣ್ಣನೆಯಲ್ಲೂ ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಅಂಟುತ್ತದೆ. ಸುದ್ದಿ ಒಳಗೆ, ಸುದ್ದಿಗಾರ ಹೊರಗೆ.

ಅದೇ ತಟ್ಟೆಯನ್ನು 37 ಡಿಗ್ರಿಗೆ, ಅಂದರೆ ನಮ್ಮ ಮೈ ಬಿಸಿಗೆ ತಂದೆ. ಐದು ನಿಮಿಷಕ್ಕೆ ಬಳೆ ಒಡೆದು ಚುಕ್ಕೆ ಚುಕ್ಕೆ ಆಯಿತು. ಕಾಲು ಗಂಟೆಯಲ್ಲಿ ಚುಕ್ಕೆಗಳು ಅಂಚು ಬಿಟ್ಟು ಒಳಗೆ, ಕೇಂದ್ರದ ಹತ್ತಿರ ಹತ್ತಿರ ಸರಿದವು. ಒಮ್ಮೆ ಮಂಜುಗಡ್ಡೆ ಕರಗಿದ್ದನ್ನು ಗಮನಿಸದೆ ತಟ್ಟೆಯನ್ನು ಹಾಗೇ ಬಿಟ್ಟುಬಿಟ್ಟಿದ್ದೆ. ನೋಡುವಷ್ಟರಲ್ಲಿ ಬಳೆಗಳೆಲ್ಲ ಚುಕ್ಕೆಗಳಾಗಿದ್ದವು. ಇಡೀ ವಾರದ ಕೆಲಸ ಹೋಯಿತು. ಆದರೆ ಬಿಸಿ ತಾಗಿದರೆ ಸಾಕು, ಕೋಶ ನುಂಗಲು ಕಾಯುತ್ತಲೇ ಇರುತ್ತದೆ ಅನ್ನುವುದು ಅವತ್ತು ನನಗೆ ಮನವರಿಕೆಯಾಯಿತು.

ನುಂಗುವ ಬಗೆ ಹೀಗೆ. ಸುದ್ದಿ ಹಿಡಿದ ರಿಸೆಪ್ಟರುಗಳು ಪೊರೆಯ ಒಂದು ಕಡೆ ಗುಂಪಾಗುತ್ತವೆ. ಅಲ್ಲಿ ಪೊರೆ ಒಳಕ್ಕೆ ತಗ್ಗಿ ಗುಂಡಿಯಾಗುತ್ತದೆ. ಗುಂಡಿಗೆ ಕೋಶದ ಒಳಗಡೆಯಿಂದ ಕ್ಲಾಥ್ರಿನ್ ಅನ್ನುವ ಪ್ರೋಟೀನ್ ಬುಟ್ಟಿ ಹೆಣೆಯುತ್ತದೆ. ಒಂದೊಂದು ಕ್ಲಾಥ್ರಿನ್ನಿಗೂ ಮೂರು ಕಾಲು. ಕಾಲಿಗೆ ಕಾಲು ಹೆಣೆದು, ಬಿದಿರಿನ ಕುಕ್ಕೆಯ ಹಾಗೆ ಜಾಲರಿಯಾಗುತ್ತದೆ. ಕೊನೆಗೆ ಡೈನಮಿನ್ ಅನ್ನುವ ಇನ್ನೊಂದು ಪ್ರೋಟೀನ್ ಗುಂಡಿಯ ಕುತ್ತಿಗೆಗೆ ಸುತ್ತಿಕೊಂಡು ಬಿಗಿಯುತ್ತದೆ. ಕುತ್ತಿಗೆ ತುಂಡಾಗಿ ಚೀಲ ಒಳಗೆ ಬರುತ್ತದೆ. ಚೀಲದೊಳಗೆ ಇಜಿಎಫ್, ಅದನ್ನು ಹಿಡಿದ ರಿಸೆಪ್ಟರ್, ಎರಡೂ ಇರುತ್ತವೆ.

ಈ ಗುಂಡಿಗಳನ್ನು ಮೊದಲು ವಿವರವಾಗಿ ತೋರಿಸಿದ್ದು ಸೊಳ್ಳೆಯ ಮೊಟ್ಟೆಯಲ್ಲಿ. 1964ರಲ್ಲಿ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಹೆಣ್ಣು ಸೊಳ್ಳೆಯ ಒಳಗೆ ಬೆಳೆಯುವ ಮೊಟ್ಟೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸೊಳ್ಳೆ ರಕ್ತ ಕುಡಿದ ಮೇಲೆ ಮೊಟ್ಟೆಯ ಮೈಮೇಲೆ ಈ ಗುಂಡಿಗಳು ಬಹಳ ಜಾಸ್ತಿಯಾಗುತ್ತವೆ. ಮೊಟ್ಟೆ ಅವುಗಳ ಮೂಲಕ ಬಂಡಾರದ, ಅಂದರೆ ಮೊಟ್ಟೆಯೊಳಗೆ ಕೂಡಿಡುವ ಆಹಾರದ, ಪ್ರೋಟೀನನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲೂ ನಡೆಯುವುದು ಅದೇ. ಕ್ಲಾಥ್ರಿನ್ನಿಗೆ ಆ ಹೆಸರು ಬಂದದ್ದು 1976ರಲ್ಲಿ, ಬಾರ್ಬರಾ ಪಿಯರ್ಸ್ ಅದನ್ನು ಬೇರ್ಪಡಿಸಿದಾಗ. ಅಂದಹಾಗೆ, ಕ್ಲಾಥ್ರಿನ್ ಇಲ್ಲದೆ ಒಳಗೆ ಬರುವ ದಾರಿಗಳೂ ಇವೆ. ಅಂಥ ಒಂದು ದಾರಿಯನ್ನು ಬಿಡಿಸಿ ತೋರಿಸಿದ್ದು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ. ಎಂ.ಎಸ್ಸಿ.ಗೆ ಹೋಗುವ ಮನಸ್ಸಿದ್ದರೆ ಆ ಕೆಲಸದ ಬಗ್ಗೆ ಓದಿ.

ಚೀಲ ಒಳಗೆ ಬಂದ ಮೇಲೆ ಏನು? ಇದೇ ನಿಜವಾದ ಪ್ರಶ್ನೆ.

ಚೀಲ ಹೋಗಿ ಎಂಡೋಸೋಮ್ ಅನ್ನುವ ಕೋಣೆಗೆ ಸೇರುತ್ತದೆ. ಕೋಶ ಅಲ್ಲಿಗೆ ಆಮ್ಲ ತುಂಬುತ್ತದೆ. ಪಿಎಚ್ ಸುಮಾರು 6ಕ್ಕೆ ಇಳಿಯುತ್ತದೆ. ಆ ಸಣ್ಣ ಹುಳಿಗೇ ಇನ್ಸುಲಿನ್ ರಿಸೆಪ್ಟರಿನ ಕೈ ಬಿಡುತ್ತದೆ. ಬಿಟ್ಟ ಇನ್ಸುಲಿನ್ ಅಲ್ಲೇ ಚೂರು ಚೂರಾಗುತ್ತದೆ. ರಿಸೆಪ್ಟರ್ ಬಹುಪಾಲು ಪೊರೆಗೆ ವಾಪಸ್ ಹೋಗಿ ಮತ್ತೆ ಕಾಯುತ್ತದೆ. ದೇಹವೇ ತಯಾರಿಸಿದ ಇನ್ಸುಲಿನ್ ರಕ್ತದಲ್ಲಿ ಐದಾರು ನಿಮಿಷಕ್ಕೆ ಅರ್ಧದಷ್ಟಾಗುತ್ತದೆ. ಅದಕ್ಕೆ ಮುಖ್ಯ ಕಾರಣ ಲಿವರ್ ಮತ್ತು ಕಿಡ್ನಿಯ ಕೋಶಗಳು ಅದನ್ನು ಹೀಗೆ ಎಳೆದುಕೊಂಡು ಒಡೆಯುವುದು. ಅದು ಹಾಗೆ ಖಾಲಿಯಾಗದೆ ಇದ್ದಿದ್ದರೆ? ಬೆಳಿಗ್ಗೆ ತಿಂದ ಅಕ್ಕಿರೊಟ್ಟಿಗೆ ಬಂದ ಇನ್ಸುಲಿನ್ ಮಧ್ಯಾಹ್ನದವರೆಗೂ ಬಾಗಿಲು ತಟ್ಟುತ್ತಲೇ ಇರುತ್ತಿತ್ತು, ಸಕ್ಕರೆ ನೆಲ ಕಚ್ಚುತ್ತಿತ್ತು. ಕೇಳಿಸಿಕೊಳ್ಳುವುದು ಎಷ್ಟು ಮುಖ್ಯವೋ ಕೇಳಿದ್ದನ್ನು ಮುಗಿಸುವುದೂ ಅಷ್ಟೇ ಮುಖ್ಯ. ಕೋಶ ನುಂಗುವುದು ಬಹುಮಟ್ಟಿಗೆ ಅದಕ್ಕೇ.

ಇಜಿಎಫ್‌ನ ಕಥೆ ಬೇರೆ. ಎಂಡೋಸೋಮಿನ ಹುಳಿಗೆ ಅದು ಕೈ ಬಿಡುವುದಿಲ್ಲ. ಗಟ್ಟಿಯಾಗಿ ಹಿಡಿದೇ ಇರುತ್ತದೆ. ಆಗ ಕೋಶ ರಿಸೆಪ್ಟರಿನ ಬಾಲಕ್ಕೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನನ್ನು ಚೀಟಿಯ ಹಾಗೆ ಅಂಟಿಸುತ್ತದೆ. ಚೀಟಿ ಇದ್ದದ್ದು ಲೈಸೋಸೋಮಿಗೆ ಹೋಗುತ್ತದೆ, ಅಲ್ಲಿ ಪಿಎಚ್ ಸುಮಾರು 5, ಒಡೆಯುವ ಕಿಣ್ವಗಳು ತುಂಬಿರುತ್ತವೆ. ಇಜಿಎಫ್ ಹೋಯಿತು, ರಿಸೆಪ್ಟರೂ ಹೋಯಿತು. ಆ ಕೋಶಕ್ಕೆ ಕೆಲವು ಗಂಟೆ ಇಜಿಎಫ್ ಸರಿಯಾಗಿ ಕೇಳಿಸುವುದಿಲ್ಲ.

ಈಗ ಇದೇ ರಿಸೆಪ್ಟರಿಗೆ ಇನ್ನೊಂದು ಪ್ರೋಟೀನ್ ಬರುತ್ತದೆ, ಹೆಸರು ಟಿಜಿಎಫ್-ಆಲ್ಫಾ. ಅದು ಬಾಗಿಲು ತಟ್ಟುವುದೂ ಇಜಿಎಫ್‌ನ ಹಾಗೇ. ಆದರೆ ಎಂಡೋಸೋಮಿನ ಹುಳಿ ತಾಗಿದ ಕೂಡಲೇ ಕೈ ಬಿಡುತ್ತದೆ. ಕೈ ಬಿಟ್ಟ ರಿಸೆಪ್ಟರ್ ಪೊರೆಗೆ ವಾಪಸ್, ಮತ್ತೆ ಕೇಳಲು ಸಿದ್ಧ. ಹಾಗಾಗಿ ಟಿಜಿಎಫ್-ಆಲ್ಫಾ ಇದ್ದಲ್ಲಿ ಬೆಳೆಯಿರಿ ಅನ್ನುವ ಮಾತು ಜಾಸ್ತಿ ಹೊತ್ತು ನಡೆಯುತ್ತದೆ. ನೋಡಿ, ರಿಸೆಪ್ಟರ್ ಒಂದೇ, ತಟ್ಟುವ ಬಗೆಯೂ ಒಂದೇ. ವ್ಯತ್ಯಾಸ ಬಂದದ್ದು ಒಳಗೆ ಹೋದ ಮೇಲೆ ಎಲ್ಲಿ ಕೈ ಬಿಟ್ಟರು ಅನ್ನುವುದರಲ್ಲಿ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಒಳಗೆ ಎಳೆದುಕೊಳ್ಳುವುದು ಬರೀ ಕಸ ತೆಗೆಯುವ ಕೆಲಸ ಅಂತ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಈ ಮುಗಿಸುವ ಕೆಲಸ ಕೆಟ್ಟರೆ ಕ್ಯಾನ್ಸರಿಗೆ ದಾರಿ. ಕೆಲವು ಸ್ತನ ಕ್ಯಾನ್ಸರಿನಲ್ಲಿ ಹರ್-2 ಅನ್ನುವ ರಿಸೆಪ್ಟರ್ ಅತಿಯಾಗಿ ಇರುತ್ತದೆ, ಒಳಗೆ ಹೋಗಲೂ ಹಿಂಜರಿಯುತ್ತದೆ. ಅದನ್ನೇ ಹಿಡಿಯುವ ಟ್ರಾಸ್ಟುಜುಮಾಬ್ ಔಷಧಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಎಷ್ಟೋ ಹೆಂಗಸರು ಅದರಿಂದ ಬದುಕಿದ್ದಾರೆ.

ಇನ್ನೂ ಒಂದು ಹೇಳಲೇಬೇಕು. ಕೆಲವು ಸುದ್ದಿಗೆ ಒಳಗೆ ಹೋಗುವುದೇ ಪ್ರಯಾಣ. ನಮ್ಮ ಬೆನ್ನುಹುರಿಯ ಪಕ್ಕದಲ್ಲಿರುವ ನರಕೋಶದ ತಂತು ಕಾಲಿನ ಹೆಬ್ಬೆರಳವರೆಗೂ ಇರುತ್ತದೆ, ಸುಮಾರು ಒಂದು ಮೀಟರ್. ಭ್ರೂಣ ಬೆಳೆಯುವಾಗ ಆ ತಂತಿನ ತುದಿ ಚರ್ಮವನ್ನು ಮುಟ್ಟಿದಾಗ, ಚರ್ಮದ ಕೋಶಗಳು ಎನ್‌ಜಿಎಫ್ ಅನ್ನುವ ಪ್ರೋಟೀನ್ ಕೊಡುತ್ತವೆ. ಸರಿಯಾದ ಜಾಗಕ್ಕೆ ಬಂದಿದ್ದೀಯ, ಬದುಕು ಅಂತ ಅದರ ಅರ್ಥ. ಆದರೆ ಬದುಕಬೇಕೋ ಬೇಡವೋ ಅಂತ ತೀರ್ಮಾನವಾಗುವುದು ಕೋಶದ ಕೇಂದ್ರದಲ್ಲಿ. ತುದಿಯಲ್ಲಿ ಅಂಟಿದ ಫಾಸ್ಫೇಟ್ ಅಷ್ಟು ದೂರ ಉಳಿಯುವುದಿಲ್ಲ. ಹಾಗಾಗಿ ತುದಿ ಎನ್‌ಜಿಎಫ್‌ನನ್ನು ರಿಸೆಪ್ಟರಿನ ಸಮೇತ ನುಂಗುತ್ತದೆ. ಎಂಡೋಸೋಮ್ ಅದನ್ನು ಹೊತ್ತುಕೊಂಡು, ತಂತಿನೊಳಗಿನ ಹಳಿಗಳ ಮೇಲೆ ಗಂಟೆಗೆ ಕೆಲವು ಮಿಲಿಮೀಟರ್ ವೇಗದಲ್ಲಿ ಮೇಲಕ್ಕೆ ಹೋಗುತ್ತದೆ. ರಿಸೆಪ್ಟರಿನ ಬಾಲ ಚೀಲದ ಹೊರಗೆ ಚಾಚಿಕೊಂಡೇ ಇರುತ್ತದೆ, ದಾರಿಯುದ್ದಕ್ಕೂ ಮಾತಾಡುತ್ತಲೇ ಬರುತ್ತದೆ. ಈ ಸುದ್ದಿ ತಲುಪದ ನರಕೋಶ ಸಾಯುತ್ತದೆ.

ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಕಥೆ ನಿಮ್ಮಂಥ ಹುಡುಗಿಯರಿಗೆ ಗೊತ್ತಿರಬೇಕು ಅಂತ ನನ್ನ ಆಸೆ. ಇಟಲಿಯವರು, ಯಹೂದಿ ಮನೆತನ. 1938ರಲ್ಲಿ ಮುಸೊಲಿನಿಯ ಜನಾಂಗ ಕಾನೂನು ಬಂದು ಅವರ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಅವರು ಟ್ಯೂರಿನ್ ಊರಿನ ತಮ್ಮ ಮಲಗುವ ಕೋಣೆಯಲ್ಲೇ ಲ್ಯಾಬ್ ಮಾಡಿಕೊಂಡರು. ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ, ಯಾಕೆ ಸಾಯುತ್ತವೆ ಅಂತ ನೋಡಿದರು. ಬಾಂಬ್ ಬೀಳತೊಡಗಿದಾಗ ಹಳ್ಳಿಯ ಮನೆಗೆ ಹೋಗಿ ಅಲ್ಲೂ ಕೆಲಸ ನಿಲ್ಲಿಸಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ಸ್ಟಾನ್ಲಿ ಕೊಹೆನ್ ಜೊತೆಯಾದರು. ಒಂದು ದಿನ ನರ ಚಿಗುರಿಸುವ ರಸದಲ್ಲಿದ್ದ ನ್ಯೂಕ್ಲಿಕ್ ಆಮ್ಲ ಒಡೆಯಲೆಂದು ಅದಕ್ಕೆ ಹಾವಿನ ವಿಷ ಬೆರೆಸಿದರೆ, ನರಗಳು ಇನ್ನೂ ಜೋರಾಗಿ ಚಿಗುರಿದವು. ವಿಷದಲ್ಲೇ ಎನ್‌ಜಿಎಫ್ ಹೇರಳವಾಗಿತ್ತು! ಹಾವಿನ ವಿಷದ ಗ್ರಂಥಿಯೂ ಜೊಲ್ಲಿನ ಗ್ರಂಥಿಯ ಜಾತಿಯೇ ಅಲ್ವಾ ಅಂತ ಕೊಹೆನ್ ಇಲಿಯ ಜೊಲ್ಲಿನ ಗ್ರಂಥಿ ಹುಡುಕಿದರು. ಅಲ್ಲೂ ಇತ್ತು. ಆ ಗ್ರಂಥಿಯ ರಸ ಕೊಟ್ಟ ಇಲಿಮರಿಗಳು ಮಾಮೂಲಿಗಿಂತ ಬೇಗ ಕಣ್ಣು ಬಿಟ್ಟವು. ಯಾಕೆ ಅಂತ ಬೆನ್ನು ಹತ್ತಿದಾಗ ಸಿಕ್ಕಿದ್ದೇ ಇಜಿಎಫ್, ನನ್ನ ಕೆಂಪು ಬಳೆಯ ಇಜಿಎಫ್. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಈಗ ಅಜ್ಜನ ವಿಷಯ.

ಟೈಪ್-2 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಇದ್ದರೂ ಕೋಶಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಇನ್ಸುಲಿನ್ ಸದಾ ಜಾಸ್ತಿ ಇದ್ದರೆ ಪೊರೆಯ ಮೇಲಿನ ರಿಸೆಪ್ಟರುಗಳು ಕಡಿಮೆಯಾಗುವುದು ನಿಜ. ಆದರೆ ದೊಡ್ಡ ತೊಂದರೆ ಇರುವುದು ರಿಸೆಪ್ಟರಿನ ಆಚೆ, ಒಳಗಿನ ಮೆಟ್ಟಿಲುಗಳಲ್ಲಿ. ಸುದ್ದಿ ದಾರಿಯಲ್ಲೇ ಸೋರಿ ಹೋಗುತ್ತದೆ, ಗ್ಲುಟ್-4 ಚೀಲಗಳವರೆಗೆ ಪೂರ್ತಿ ತಲುಪುವುದಿಲ್ಲ. ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕರೆಯದೆಯೂ ಗ್ಲುಟ್-4 ಪೊರೆಗೆ ಬರುತ್ತದೆ. ಅದು ಬೇರೆಯೇ ದಾರಿ, ಸಕ್ಕರೆ ಕಾಯಿಲೆಯಲ್ಲೂ ಆ ದಾರಿ ತೆರೆದೇ ಇರುತ್ತದೆ. ಅಜ್ಜನಿಗೆ ಆಗುವುದಾದರೆ ಊಟವಾದ ಮೇಲೆ ತೋಟದ ದಾರಿಯಲ್ಲಿ ಒಂದು ಸುತ್ತು ಹಾಕಿಸಿ. ಮಳೆ ಇದ್ದರೆ ಜಗಲಿಯಲ್ಲೇ ಆ ಕಡೆ ಈ ಕಡೆ ನಡೆದರೂ ಸರಿ.

ಇನ್ನು ಗಂಟು. ಗಂಟಿಗೂ ಇನ್ಸುಲಿನ್ನಿಗೂ ಸಂಬಂಧ ಇದೆ ಅನ್ನುವುದನ್ನು ಅಜ್ಜಿ ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ಇಂಥ ಗಂಟು ಬಹುತೇಕ ಕೊಬ್ಬು. ನೀವು ಚುಚ್ಚುವುದು ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ. ಇನ್ಸುಲಿನ್ ರಕ್ತಕ್ಕೆ ಸೇರುವ ಮೊದಲು ಅಲ್ಲಿನ ಕೊಬ್ಬಿನ ಕೋಶಗಳಿಗೆ ರಕ್ತದಲ್ಲಿ ಸಿಗುವುದಕ್ಕಿಂತ ಬಹಳ ಜಾಸ್ತಿ ಸಿಗುತ್ತದೆ. ಕೊಬ್ಬಿನ ಕೋಶಕ್ಕೆ ಇನ್ಸುಲಿನ್ ಹೇಳುವುದು ಏನು? ಸಕ್ಕರೆ ಎಳೆದುಕೋ, ಕೊಬ್ಬು ಮಾಡು, ಕೂಡಿಟ್ಟದ್ದನ್ನು ಕರಗಿಸಬೇಡ. ದಿನಾ ಒಂದೇ ಜಾಗದಲ್ಲಿ ಇದನ್ನೇ ಕೇಳಿದ ಕೋಶಗಳು ಉಬ್ಬುತ್ತಾ ಹೋಗುತ್ತವೆ. ಅದೇ ನಿಮ್ಮ ಕೈಗೆ ಸಿಗುವ ಮೆತ್ತನೆಯ ಗಂಟು. ಡಾಕ್ಟರುಗಳು ಲೈಪೋಹೈಪರ್ಟ್ರೋಫಿ ಅನ್ನುತ್ತಾರೆ. ಬಲು ಅಪರೂಪಕ್ಕೆ ಅಜ್ಜಿ ಹೇಳಿದ್ದೇ ಆಗುವುದೂ ಉಂಟು. ಇನ್ಸುಲಿನ್ ಅಣುಗಳೇ ಒಂದಕ್ಕೊಂದು ಹೆಣೆದುಕೊಂಡು ಉಂಡೆ ಕಟ್ಟುತ್ತವೆ, ಆ ಗಂಟು ಸಾಮಾನ್ಯವಾಗಿ ಗಟ್ಟಿ. ಹಾಗಾಗಿ ಮುಂದಿನ ಸಲ ಹೋದಾಗ ಡಾಕ್ಟರು ಒಮ್ಮೆ ಮುಟ್ಟಿ ನೋಡಲಿ.

ಗಂಟಿಗೆ ಚುಚ್ಚುವುದನ್ನು ನಿಲ್ಲಿಸಬೇಕು, ಆದರೆ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಅಜ್ಜ ಅದೇ ಜಾಗ ತೋರಿಸುತ್ತಿರಬಹುದು. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ನಿಧಾನ, ಒಂದು ದಿನ ಬೇಗ ರಕ್ತಕ್ಕೆ ಸೇರುತ್ತದೆ. ಶುಗರ್ ಏರಿಳಿತಕ್ಕೆ ಅದೇ ಕಾರಣ ಇರಬಹುದು. ಹೊಟ್ಟೆಯನ್ನು ನಾಲ್ಕು ಭಾಗ ಅಂದುಕೊಂಡು ವಾರಕ್ಕೊಂದು ಭಾಗ ಬಳಸಿ, ಆ ಭಾಗದೊಳಗೂ ನಿನ್ನೆ ಚುಚ್ಚಿದ ಜಾಗದಿಂದ ಒಂದು ಬೆರಳಗಲ ಸರಿಯಿರಿ. ಪ್ರತಿ ಸಲ ಹೊಸ ಸೂಜಿ. ಬಿಟ್ಟ ಗಂಟು ಕೆಲವು ತಿಂಗಳಲ್ಲಿ ತಾನಾಗೇ ಕುಗ್ಗುತ್ತದೆ.

ಒಂದು ಎಚ್ಚರಿಕೆ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಚುಚ್ಚಿದಾಗ ಅದೇ ಡೋಸ್ ಪೂರ್ತಿ ರಕ್ತಕ್ಕೆ ಹೋಗುತ್ತದೆ, ಶುಗರ್ ದಿಢೀರ್ ಇಳಿಯಬಹುದು. ಹಾಗಾಗಿ ಜಾಗ ಬದಲಿಸುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಕಡಿಮೆ ಮಾಡಬೇಕಾ ಅಂತ ಕೇಳಿ. ಮೊದಲ ಎರಡು ವಾರ ಶುಗರ್ ಜಾಸ್ತಿ ಸಲ ನೋಡಿ. ಅಜ್ಜನಿಗೆ ಬೆವರು, ನಡುಕ, ತಲೆ ಸುತ್ತು ಬಂದರೆ ತಕ್ಷಣ ಮೂರ್ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಲು ಅಜ್ಜಿಗೆ ಹೇಳಿಡಿ. ನೀವು ಬಸ್ ಹತ್ತಿದ ಮೇಲೆ ಮನೆಯಲ್ಲಿ ಇರುವವರು ಅವರೇ ಅಲ್ವಾ.